ಮುಳುಗಿದ ಊರಿನ ಕಂತುಗಳು

ನಿವೃತ್ತನಾದ ಗಂಡಸು ಮನೆಯಲ್ಲಿ ಸುಮ್ಮನೆ ಕೂರಲಾರ ಎಂಬುದು ಗೃಹಿಣಿಯರೆಲ್ಲರೂ ಬಲ್ಲ ಸತ್ಯ. ಕೆಲವರು ಹೂವಿನ ಕುಂಡಗಳ ಹಿಂದೆ ಬೀಳುತ್ತಾರೆ. ಕೆಲವರು ಹೋಮಿಯೋಪಥಿ ಕಲಿತು ನೆರೆಹೊರೆಯವರ ಮೇಲೆ ಪ್ರಯೋಗಿಸುತ್ತಾರೆ. ಇನ್ನು ಕೆಲವರು ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗಳಾಗಿ ಇಡೀ ಕಟ್ಟಡದ ನಿದ್ದೆ ಕೆಡಿಸುತ್ತಾರೆ. ನಾನು ಬೆಟ್ಟ ಮಾಡಲು ಹೊರಟೆ. ಕಂಪ್ಯೂಟರಿನಲ್ಲಿ ಬೆಟ್ಟ, ಹೊಳೆ, ಮಂಜು, ಮೋಡಗಳನ್ನು ಮಾಡಿ, ಅವು ಚಲಿಸುವಂತೆ ಚಿತ್ರ ತೆಗೆದು, ತಿಂಗಳಿಗೊಂದರಂತೆ ಜನರ ಮೊಬೈಲಿಗೆ ಕಳಿಸುವ ಚಟ ನನಗೆ ಹತ್ತಿತು. ಈ ಚಟ ನನ್ನನ್ನು ಎಲ್ಲಿಗೆ ಕೊಂಡೊಯ್ದಿತು ಎಂಬುದನ್ನು ನಮ್ಮ ಪತ್ರಿಕೆಯ ಓದುಗರಲ್ಲಿ ಹೇಳಿಕೊಳ್ಳಬೇಕೆನಿಸಿದೆ.

ನಾನಿರುವುದು ಸಾತಪುರದಲ್ಲಿ. ನಾಸಿಕದಿಂದ ತ್ರ್ಯಂಬಕೇಶ್ವರದ ಕಡೆ ಹೊರಟರೆ ಊರು ಮುಗಿಯಿತು ಅನ್ನುವಷ್ಟರಲ್ಲಿ ಸಿಗುವ ಕಾರ್ಖಾನೆಗಳ ವಸಾಹತು ಇದು. ೧೯೭೮ರಲ್ಲಿ ಡಿಪ್ಲೊಮಾ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು, ಸಾಗರದಿಂದ ಇಲ್ಲಿಗೆ ಬಂದು, ಒಂದು ಕಾರ್ಖಾನೆಯ ಟೂಲ್‌ರೂಮಿನಲ್ಲಿ ನಕ್ಷೆ ಬರೆಯುವವನಾಗಿ ಸೇರಿದೆ. ಮೊದಮೊದಲು ಡ್ರಾಯಿಂಗ್ ಬೋರ್ಡು, ಟೀ ಸ್ಕ್ವೇರು. ತೊಂಬತ್ತರ ದಶಕದಲ್ಲಿ ಅವುಗಳ ಜಾಗಕ್ಕೆ ಕಂಪ್ಯೂಟರ್ ಬಂತು. ೩೬ ವರ್ಷ ದುಡಿದು ೨೦೧೪ರಲ್ಲಿ ಮನೆಗೆ ಬಂದೆ. ಕೈಗೆ ಅಭ್ಯಾಸವಾದ ಕೆಲಸ ಬಿಡಲಿಲ್ಲ. ಮಗ ಬಿಟ್ಟುಹೋಗಿದ್ದ ಹಳೆಯ ಕಂಪ್ಯೂಟರಿನಲ್ಲಿ ಬ್ಲೆಂಡರ್ ಎಂಬ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ತಂತ್ರಾಂಶವನ್ನು ಹಾಕಿಕೊಂಡು ಕುಳಿತೆ.

ಕಂಪ್ಯೂಟರಿನಲ್ಲಿ ಬೆಟ್ಟ ಮಾಡುವುದು ಕೇಳಲು ದೊಡ್ಡದು, ಮೂಲದಲ್ಲಿ ಸುಲಭದ ಲೆಕ್ಕ. ಒಂದು ತ್ರಿಕೋಣ ತೆಗೆದುಕೊಳ್ಳಿ. ಅದರ ಬಾಹುಗಳ ನಡುಬಿಂದುಗಳನ್ನು ಮನಸ್ಸಿಗೆ ಬಂದಷ್ಟು ಮೇಲಕ್ಕೋ ಕೆಳಕ್ಕೋ ಸರಿಸಿ. ಒಂದು ತ್ರಿಕೋಣ ನಾಲ್ಕಾಯಿತು. ಆ ನಾಲ್ಕಕ್ಕೂ ಹಾಗೆಯೇ ಮಾಡಿ, ಆದರೆ ಸರಿಸುವ ಪ್ರಮಾಣ ಕಡಿಮೆಯಿರಲಿ. ಹೀಗೆ ಹತ್ತು ಸಲ ಮಾಡಿದರೆ ಬಂಡೆ, ಕೊರಕಲು, ಶಿಖರಗಳೆಲ್ಲ ತಾವಾಗಿಯೇ ಎದ್ದು ನಿಲ್ಲುತ್ತವೆ. ಪ್ರಕೃತಿಯ ಇಂಥ ಅಂಕುಡೊಂಕಿಗೂ ಒಂದು ಗಣಿತವಿದೆಯೆಂದು ತೋರಿಸಿಕೊಟ್ಟವರು ಮ್ಯಾಂಡೆಲ್‌ಬ್ರಾಟ್. ಅದನ್ನು ಹಿಡಿದು ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸಕ್ಕಿದ್ದ ಲೊರೆನ್ ಕಾರ್ಪೆಂಟರ್ ಎಂಬವರು ೧೯೮೦ರಲ್ಲಿ ಎರಡು ನಿಮಿಷದ ಚಿತ್ರವೊಂದನ್ನು ಮಾಡಿ ವಿದ್ವಾಂಸರ ಸಮ್ಮೇಳನದಲ್ಲಿ ತೋರಿಸಿದರು. ಎಲ್ಲೂ ಇಲ್ಲದ ಪರ್ವತಗಳ ಮೇಲೆ ಹಾರಿಹೋದಂತೆ ಕಾಣುವ ಚಿತ್ರ ಅದು. ಅಂದು ಅವರಿಗೆ ದೊಡ್ಡ ಯಂತ್ರ ಬೇಕಾಗಿತ್ತು. ಇಂದು ಸಾತಪುರದ ಎರಡು ಕೋಣೆಯ ಮನೆಯಲ್ಲಿ, ಮಡಿಸಿಟ್ಟ ಹಾಸಿಗೆಯ ಪಕ್ಕದಲ್ಲಿ ಅದು ಆಗುತ್ತದೆ.

ಆದರೆ ತಾಳ್ಮೆ ಬೇಕು. ಒಂದು ಸೆಕೆಂಡಿಗೆ ೨೫ ಚಿತ್ರಗಳಾದರೆ ಎರಡು ನಿಮಿಷಕ್ಕೆ ೩,೦೦೦ ಚಿತ್ರ. ನನ್ನ ಯಂತ್ರ ಒಂದು ಚಿತ್ರ ಬಿಡಿಸಲು ಆರು ನಿಮಿಷ ತೆಗೆದುಕೊಳ್ಳುತ್ತದೆ. ಒಟ್ಟು ೩೦೦ ಗಂಟೆ. ಅಂದರೆ ಹಗಲು ರಾತ್ರಿ ನಡೆದರೂ ಹನ್ನೆರಡೂವರೆ ದಿನ. ಒಂದೊಂದು ಚಿತ್ರವೂ ಮುಗಿದ ಕೂಡಲೇ ಬೇರೆಯಾಗಿ ಉಳಿಯುವಂತೆ ಮಾಡಿಕೊಂಡಿದ್ದೇನೆ. ಕರೆಂಟು ಹೋದರೆ ಆಗ ಬಿಡಿಸುತ್ತಿದ್ದ ಒಂದು ಮಾತ್ರ ನಷ್ಟ. "ಹನ್ನೆರಡು ದಿನ ಫ್ಯಾನಿನ ಸದ್ದು, ಎರಡು ನಿಮಿಷದ ಗುಡ್ಡ" ಎಂದು ನನ್ನ ಹೆಂಡತಿ ಲೆಕ್ಕ ಒಪ್ಪಿಸಿದಾಗ ನಾನು ದಾದಾಸಾಹೇಬ ಫಾಲ್ಕೆಯವರ ಹೆಸರು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಫಾಲ್ಕೆ ಹುಟ್ಟಿದ್ದು ನಮ್ಮ ಪಕ್ಕದ ತ್ರ್ಯಂಬಕೇಶ್ವರದಲ್ಲಿ, ೧೮೭೦ರಲ್ಲಿ. 'ರಾಜಾ ಹರಿಶ್ಚಂದ್ರ' ತೆಗೆಯುವ ಮುನ್ನ, ೧೯೧೨ರಲ್ಲಿ, ಕುಂಡದಲ್ಲಿ ಬಟಾಣಿ ಬಿತ್ತಿ, ದಿನಕ್ಕೊಂದು ಚಿತ್ರದಂತೆ ತಿಂಗಳಿಗೂ ಮಿಕ್ಕಿ ತೆಗೆದು, ಬೀಜ ಮೊಳೆತು ಬಳ್ಳಿಯಾಗುವುದನ್ನು ತೆರೆಯ ಮೇಲೆ ತೋರಿಸಿದ ಪುಣ್ಯಾತ್ಮ ಅವರು. ಅದನ್ನು ನೋಡಿಯೇ ಹಣ ಕೊಡುವವರಿಗೆ ನಂಬಿಕೆ ಬಂದದ್ದು. ನನಗೆ ಹಣ ಕೊಡುವವರು ಯಾರೂ ಇಲ್ಲ. ವಿದ್ಯುತ್ ಬಿಲ್ಲು ಕಟ್ಟುವವನೂ ನಾನೇ.

ಮಾಡಿದ್ದನ್ನು ಜನರಿಗೆ ಮುಟ್ಟಿಸುವುದು ಹೇಗೆ? ಮೊಬೈಲಿನ ಗುಂಪುಗಳಲ್ಲಿ ಹಾಕಿದರೆ ಚಿತ್ರ ಕುಗ್ಗಿ ಕಾಡೆಲ್ಲ ಪಾಚಿಯಂತಾಗುತ್ತದೆ. ಮೇಲಾಗಿ ಮರುದಿನದ ಸುಪ್ರಭಾತದ ಸಂದೇಶಗಳಡಿಯಲ್ಲಿ ಅದು ಹೂತುಹೋಗುತ್ತದೆ. ಮಗನಲ್ಲಿ ಕೇಳಿದೆ. "ಪಾಡ್‌ಕಾಸ್ಟ್ ಫೀಡ್ ಮಾಡಪ್ಪ" ಎಂದ. ಪಾಡ್‌ಕಾಸ್ಟ್ ಎಂದರೆ ಮಾತು, ಸಂಗೀತ ಎಂದಷ್ಟೇ ನಾನು ತಿಳಿದಿದ್ದೆ. ಚಲನಚಿತ್ರವನ್ನೂ ಅದೇ ದಾರಿಯಲ್ಲಿ ಕಳಿಸಬಹುದಂತೆ. ಅದರ ಮರ್ಮವನ್ನು ಅರಿತಾಗ ನನಗೆ ನೆನಪಾದದ್ದು ನಮ್ಮ ಈ ಮಾಸಪತ್ರಿಕೆಯೇ. ಫೀಡ್ ಎಂದರೆ ಒಂದು ಪಟ್ಟಿ. ಅದರಲ್ಲಿ ಪ್ರತಿ ಕಂತಿನ ಹೆಸರು, ತಾರೀಕು, ಕಡತ ಎಲ್ಲಿದೆ ಎಂಬ ವಿಳಾಸ, ಅದರ ಗಾತ್ರ ಮತ್ತು ಬಗೆ ಬರೆದಿರುತ್ತದೆ. ಹೀಗೆ ಪಟ್ಟಿಗೆ ಕಡತವನ್ನು ಲಗತ್ತಿಸುವ ಪದ್ಧತಿಯನ್ನು ಡೇವ್ ವೈನರ್ ಎಂಬವರು ೨೦೦೦ದ ಕೊನೆಯಲ್ಲಿ ತಂದರು. ೨೦೦೫ರ ಹೊತ್ತಿಗೆ ಅದು ಜಗತ್ತಿಗೆಲ್ಲ ಬಳಕೆಗೆ ಬಂತು. ಚಂದಾದಾರನ ಮೊಬೈಲು ಆಗಾಗ ಆ ಪಟ್ಟಿಯನ್ನು ತಾನೇ ನೋಡಿ ಬರುತ್ತದೆ. ಹೊಸದಿದ್ದರೆ ಇಳಿಸಿಕೊಳ್ಳುತ್ತದೆ. ಕಳಿಸುವವನು ಯಾರ ಬಾಗಿಲನ್ನೂ ತಟ್ಟಬೇಕಿಲ್ಲ. ಬೇಕಾದವನು ಒಮ್ಮೆ ಹೆಸರು ಕೊಟ್ಟರೆ ಮುಗಿಯಿತು. ಅಂಚೆಯಣ್ಣ ಪತ್ರಿಕೆ ತಂದು ಬಾಗಿಲ ಸಂದಿಯಲ್ಲಿ ಇಟ್ಟು ಹೋದ ಹಾಗೆ.

ಪಟ್ಟಿಯನ್ನು ನಾನು ಕೈಯಾರೆ ಬರೆಯುತ್ತೇನೆ. ಒಮ್ಮೆ ಶೀರ್ಷಿಕೆಯಲ್ಲಿ 'ಹೊಳೆ ಮತ್ತು ಹಳ್ಳ' ಎಂದು ಬರೆಯುವ ಬದಲು 'ಮತ್ತು' ಇರುವಲ್ಲಿ ಅಂಗಡಿಯವರು ಬೋರ್ಡಿನಲ್ಲಿ ಹಾಕುವ ಆ ಸುರುಳಿ ಚಿಹ್ನೆ ಹಾಕಿದೆ. ಆ ಒಂದು ಚಿಹ್ನೆಗೆ ಪಟ್ಟಿಯೇ ಕೆಟ್ಟು, ಯಾರಿಗೂ ಯಾವ ಕಂತೂ ಹೋಗದೆ ವಾರ ಕಳೆಯಿತು. ಯಾರೂ ದೂರಲಿಲ್ಲ. ಆಗ ನನಗಿದ್ದ ಚಂದಾದಾರರು ಒಂಬತ್ತು ಜನ. ಅವರಲ್ಲಿ ಇಬ್ಬರು ನನ್ನ ಮಕ್ಕಳು, ಒಬ್ಬಳು ಸಾಗರದಲ್ಲಿರುವ ನನ್ನ ಅಕ್ಕ.

ಅಕ್ಕನ ಮೊಬೈಲಿಗೆ ಫೀಡ್ ಹಾಕಿಕೊಟ್ಟವನು ಅವಳ ಮೊಮ್ಮಗ. ಹಿಮ ಹೊದ್ದ ಶಿಖರಗಳ ಒಂದು ಕಂತು ನೋಡಿ ಅವಳು ದೂರವಾಣಿ ಮಾಡಿದಳು.

"ಚಂದ ಇದೆಯೋ ತಮ್ಮ. ಯಾವ ಊರು ಇದು?"

"ಯಾವ ಊರೂ ಅಲ್ಲಕ್ಕ. ಲೆಕ್ಕದಿಂದ ಮಾಡಿದ್ದು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇಲ್ಲದ ಊರನ್ನು ಇಷ್ಟು ಕಷ್ಟಪಟ್ಟು ಮಾಡ್ತೀಯಲ್ಲ ಮಾರಾಯ, ಇದ್ದ ಊರನ್ನು ಮಾಡಬಾರದೇನೋ?"

ಇದ್ದ ಊರು ಎಂದರೆ ನಮ್ಮೂರು. ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ಈಗಿನ ನಕ್ಷೆಯಲ್ಲಿ ಅದು ಬರಿಯ ನೀಲಿ ಬಣ್ಣ. ಶರಾವತಿಗೆ ಅಡ್ಡಲಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ನೀರಿನ ಗರಿಷ್ಠ ಮಟ್ಟ ೧,೮೧೯ ಅಡಿ. ಈ ಅಂಕೆ ನಮ್ಮ ಕಡೆಯ ಹಳಬರಿಗೆಲ್ಲ ಬಾಯಿಪಾಠ. ಯಾರ ಮನೆ, ಯಾರ ತೋಟ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ತೀರ್ಮಾನಿಸಿದ ಅಂಕೆ ಅದು. ಅದಕ್ಕೂ ಮೊದಲು, ೧೯೪೮ರಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟೇ ಇದರ ಹೊಟ್ಟೆಯೊಳಗೆ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಈಗಲೂ ತಲೆಯೆತ್ತುತ್ತದೆ, ಜನ ನೋಡಲು ಹೋಗುತ್ತಾರೆ. ಮುಳುಗಡೆಯಾದವರನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ತಾಲ್ಲೂಕುಗಳ ಕಾಡಿನಂಚಿಗೆ ಕಳಿಸಿದರು. ಹಾಗೆ ಹೋದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ಹೋರಾಟ ಇಂದಿಗೂ ಮುಗಿದಿಲ್ಲ. ನಾವು ಊರು ಬಿಟ್ಟದ್ದು ೧೯೬೨ರಲ್ಲಿ. ನನಗೆ ಆರು ವರ್ಷ, ಅಕ್ಕನಿಗೆ ಹದಿಮೂರು. ನನಗೆ ನೆನಪಿರುವುದು ಗಾಡಿಯ ಹಿಂದೆ ಓಡಿಬಂದ ನಾಯಿ ಮಾತ್ರ. ಉಳಿದದ್ದೆಲ್ಲ ಅಕ್ಕನ ಬಳಿ ಇತ್ತು.

ಇದ್ದ ಊರನ್ನು ಮಾಡುವುದು ಇಲ್ಲದ ಊರನ್ನು ಮಾಡಿದಷ್ಟು ಸುಲಭವಲ್ಲವೆಂದು ಕೂಡಲೇ ತಿಳಿಯಿತು. ಭೂಮಿಯ ಏರಿಳಿತದ ಅಂಕೆಗಳು ಇಂದು ಯಾರಿಗೆ ಬೇಕಾದರೂ ಸಿಗುತ್ತವೆ. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ನೆಲವನ್ನು ಅಳೆಯಿತು. ಸುಮಾರು ೩೦ ಮೀಟರಿಗೊಂದರಂತೆ ಎತ್ತರದ ಅಂಕೆಗಳಿವೆ. ಅವನ್ನು ಇಳಿಸಿಕೊಂಡು ಯಂತ್ರಕ್ಕೆ ಉಣಿಸಿದೆ. ಸಹ್ಯಾದ್ರಿಯ ಸಾಲು ಕಣ್ಣೆದುರು ಎದ್ದಿತು. ನಡುವೆ ನಮ್ಮ ಊರಿರಬೇಕಾದಲ್ಲಿ ಮೇಜಿನಷ್ಟು ಸಪಾಟಾದ ಒಂದು ಹಲಗೆ! ರೇಡಾರಿನ ಅಲೆ ನೀರನ್ನು ಹಾಯ್ದು ಒಳಗೆ ಇಳಿಯುವುದಿಲ್ಲ. ಮೇಲಿನ ಮಟ್ಟಕ್ಕೆ ತಾಕಿ ಹಿಂದಿರುಗುತ್ತದೆ. ಆಕಾಶದಿಂದ ನೋಡಿದವರಿಗೆ ನಮ್ಮೂರು ಇರಲೇ ಇಲ್ಲ.

ಸಾಗರದ ಪರಿಚಿತರೊಬ್ಬರ ಮನೆಯ ಅಟ್ಟದಲ್ಲಿ ಮುಳುಗಡೆಗೆ ಹಿಂದಿನ, ಇಂಚಿಗೊಂದು ಮೈಲಿಯ ನಕ್ಷೆ ಸಿಕ್ಕಿತು. ಮಡಿಕೆಗಳಲ್ಲಿ ಹರಿದಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಆದರೆ ೫೦ ಅಡಿಗೊಂದರಂತೆ ಎತ್ತರದ ಗೆರೆಗಳಿದ್ದವು. ಆ ಗೆರೆಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ತಿದ್ದಿ, ಗೆರೆಗಳ ನಡುವಿನ ಇಳಿಜಾರನ್ನು ಲೆಕ್ಕದಿಂದ ತುಂಬಿಸಿ, ಸುತ್ತಲಿನ ಬೆಟ್ಟಗಳಿಗೆ ಹೊಲಿಯಲು ಏಳು ತಿಂಗಳು ಹಿಡಿಯಿತು. ಹಲಗೆ ತಗ್ಗಿತು, ಕಣಿವೆ ಕಾಣಿಸಿತು, ಅದರ ತಳದಲ್ಲಿ ಹಳ್ಳ ಡೊಂಕುಡೊಂಕಾಗಿ ಹರಿಯಿತು. ನಕ್ಷೆಯಲ್ಲಿ ಊರಿನ ಹೆಸರಿತ್ತು. ಮನೆ ಎಲ್ಲಿತ್ತು?

ಅಕ್ಕನಲ್ಲಿ ಕೇಳಿದೆ. ಅವಳಿಗೆ ನಕ್ಷೆ ಓದಲು ಬಾರದು. "ಉತ್ತರಕ್ಕೋ ದಕ್ಷಿಣಕ್ಕೋ ನನಗೆ ಗೊತ್ತಿಲ್ಲ. ಸಂಕ್ರಾಂತಿ ಹೊತ್ತಿಗೆ ಎರಡು ಗುಡ್ಡದ ನಡುವಿನ ಸಂದಿನಿಂದ ಬಿಸಿಲು ಬಂದು ನೆಟ್ಟಗೆ ತುಳಸಿಕಟ್ಟೆಗೆ ಬೀಳ್ತಿತ್ತು. ಆಯಿ ಅಲ್ಲೇ ನಿಂತು ಎಳ್ಳು ಬೆಲ್ಲ ಕೊಡ್ತಿದ್ದಳು" ಎಂದಳು.

ಟೂಲ್‌ರೂಮಿನವನಿಗೆ ಇದಕ್ಕಿಂತ ಒಳ್ಳೆಯ ಅಳತೆ ಇನ್ನೇನು ಬೇಕು? ಜನವರಿ ನಡುವಿನಲ್ಲಿ ನಮ್ಮ ಅಕ್ಷಾಂಶದಲ್ಲಿ ಸೂರ್ಯ ಪೂರ್ವದಿಂದ ಸುಮಾರು ೨೨ ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಗುಡ್ಡದ ಮೇಲೇರಿ ಬರುವಾಗ ಇನ್ನೂ ಕೊಂಚ ಸರಿದಿರುತ್ತಾನೆ. ಆ ಎರಡು ಗುಡ್ಡಗಳ ನೆತ್ತಿ ಇವತ್ತು ನೀರಿನ ಮೇಲೆ ನಡುಗಡ್ಡೆಗಳಾಗಿ ಉಳಿದಿದೆ, ಹಾಗಾಗಿ ಅವುಗಳ ಜಾಗದ ಬಗ್ಗೆ ಅನುಮಾನವಿಲ್ಲ. ಸಂದಿನಿಂದ ಬಿಸಿಲು ಬೀಳುವ ದಿಕ್ಕಿಗೆ ಒಂದು ಗೆರೆ ಎಳೆದೆ. ಮನೆ ಆ ಗೆರೆಯ ಮೇಲೆ ಎಲ್ಲೋ ಇತ್ತು. ಎಲ್ಲಿ? "ಅಂಗಳದಿಂದ ಹಳ್ಳಕ್ಕೆ ಮೂವತ್ತೆರಡು ಮೆಟ್ಟಿಲು. ದಿನಾ ಕೊಡ ಹೊತ್ತವಳು ನಾನು" ಎಂದಳು ಅಕ್ಕ. ಮೆಟ್ಟಿಲೊಂದಕ್ಕೆ ಎಂಟು ಇಂಚು ಹಿಡಿದರೂ ೨೧ ಅಡಿ. ಹಳ್ಳದಿಂದ ೨೧ ಅಡಿ ಎತ್ತರ, ಬಿಸಿಲಿನ ಗೆರೆಯ ಮೇಲೆ: ಒಂದೇ ಒಂದು ಜಾಗ ಸಿಕ್ಕಿತು. ಅಲ್ಲಿ ಮನೆ ಕಟ್ಟಿದೆ. ಕ್ಯಾಮರಾವನ್ನು ಅಂಗಳದಲ್ಲಿ, ಹದಿಮೂರು ವರ್ಷದ ಹುಡುಗಿಯ ಕಣ್ಣಿನ ಎತ್ತರಕ್ಕೆ ನಿಲ್ಲಿಸಿ, ಸಂಕ್ರಾಂತಿಯ ಸೂರ್ಯನನ್ನು ಎಬ್ಬಿಸಿ ಆ ಕಂತನ್ನು ಫೀಡಿಗೆ ಹಾಕಿದೆ.

ಮರುದಿನ ಅಕ್ಕನ ಕರೆ ಬರಲಿಲ್ಲ. ಮೂರನೆಯ ದಿನ ಬಂತು. "ಕೊಟ್ಟಿಗೆ ಎಡಗಡೆ ಬರಬೇಕಿತ್ತು" ಎಂದಳು. ಆಮೇಲೆ, "ಬಿಸಿಲು ಮಾತ್ರ ಸರಿಯಾಗಿ ಬಂತು ಕಣೋ" ಎಂದು ಫೋನಿಟ್ಟಳು.

ಆ ಕಂತು ಊರೂರು ಸುತ್ತಿತು. ಫೀಡಿನ ವಿಳಾಸವನ್ನು ಒಬ್ಬರಿಂದೊಬ್ಬರು ಹಂಚಿಕೊಂಡು, ಸೊರಬ, ಶಿಕಾರಿಪುರ, ಡೊಂಬಿವಲಿ, ಪುಣೆ ಎನ್ನುತ್ತ ಚಂದಾದಾರರು ನೂರನ್ನು ದಾಟಿದರು. ನಾನು ಉಬ್ಬಿಹೋಗಿದ್ದೆನೆಂದು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಶಿಕಾರಿಪುರದ ಕಡೆಯಿಂದ ಒಂದು ಧ್ವನಿಸಂದೇಶ ಬಂತು. ಮಾತನಾಡಿದವರು ನಡುವಯಸ್ಸಿನವರು, ವಿನಯದ ದನಿ.

"ಸಾರ್, ನಮ್ಮವ್ವನೂ ಆ ಊರಿನವಳೇ. ನೀವು ಕಳಿಸಿದ್ದನ್ನ ನಾಲ್ಕು ಸಲ ನೋಡಿದಳು. ಗುಡ್ಡ ಗುರುತು ಹಿಡಿದಳು, ನಿಮ್ಮ ಮನೆ ಗುರುತು ಹಿಡಿದಳು. ನಮ್ಮ ಕೇರಿ ಎಲ್ಲಿ ಅಂತ ಕೇಳ್ತಿದ್ದಾಳೆ."

ಅವರ ತಂದೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದವರು. ಅವರ ಕೇರಿ ನನ್ನ ಚಿತ್ರದಲ್ಲಿ ಇರಲಿಲ್ಲ. ಆ ಜಾಗದಲ್ಲಿ ನಾನು ಕಾಡು ಬೆಳೆಸಿದ್ದೆ. ತಂತ್ರಾಂಶಕ್ಕೆ ಒಂದು ಸಂಖ್ಯೆ ಕೊಟ್ಟರೆ ಅದು ತಾನೇ ಮರ ಬಿತ್ತುತ್ತದೆ. ಎರಡು ಸಾವಿರ ಮರ ಎಂದಿದ್ದೆ, ಬಿತ್ತಿತ್ತು. ಹರಿದ ನಕ್ಷೆಯನ್ನು ಮತ್ತೆ ಬಿಡಿಸಿ ಭೂತಗನ್ನಡಿ ಹಿಡಿದು ನೋಡಿದೆ. ಅದರಲ್ಲೂ ಆ ಗುಡಿಸಲುಗಳ ಗುರುತಿಲ್ಲ. ಅವು ನಿಂತಿದ್ದ ನೆಲ ಅವರ ಹೆಸರಿನಲ್ಲಿ ಇರಲಿಲ್ಲ, ಆದ್ದರಿಂದ ಪರಿಹಾರದ ಪಟ್ಟಿಯಲ್ಲೂ ಅವರಿರಲಿಲ್ಲ ಎಂದು ಆ ಮಗ ಆಮೇಲೆ ಹೇಳಿದರು. ನಕ್ಷೆ ಬಿಟ್ಟಿತು, ಪಟ್ಟಿ ಬಿಟ್ಟಿತು. ಅರವತ್ತು ವರ್ಷ ಕಳೆದ ಮೇಲೆ ಸಾತಪುರದಲ್ಲಿ ಕುಳಿತು ನಾನೂ ಬಿಟ್ಟೆ.

ಅಕ್ಕನಲ್ಲಿ ಕೇಳಿದೆ. "ಹಳ್ಳದ ಆಚೆ ಇತ್ತು" ಎಂದಳು. ಎಷ್ಟು ಮನೆ, ಯಾವ ಕಡೆಗೆ ಮುಖ ಎಂದರೆ ಹೇಳಲಾರಳು. ಮೂವತ್ತೆರಡು ಮೆಟ್ಟಿಲನ್ನು ಎಣಿಸಿಟ್ಟುಕೊಂಡವಳು! "ನಾವು ಆ ಕಡೆ ಹೋಗ್ತಿರಲಿಲ್ಲವಲ್ಲೋ" ಎಂದಳು, ಮೆತ್ತಗೆ. ಯಾಕೆ ಹೋಗುತ್ತಿರಲಿಲ್ಲ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಕೊನೆಗೆ ಆ ಅಮ್ಮನನ್ನೇ ಕೇಳಬೇಕಾಯಿತು. ಎಂಬತ್ತು ದಾಟಿದವರು. ಮಗ ಮೊಬೈಲನ್ನು ಅವರ ಕಿವಿಗೆ ಹಿಡಿದರು. ನಾನು ಯಾರ ಮಗನೆಂದು ಹೇಳಿದ ಕೂಡಲೇ "ಓ, ಸಣ್ಣಯ್ಯ" ಎಂದರು. ಎಪ್ಪತ್ತರ ಹೊಸ್ತಿಲಲ್ಲಿರುವ ನನ್ನನ್ನು ಹಾಗೆ ಕರೆಯುವವರು ಇನ್ನೂ ಒಬ್ಬರಿದ್ದಾರೆ ಎಂದು ನಾಚಿಕೆಯೂ ಆಯಿತು, ಗಂಟಲೂ ಕಟ್ಟಿತು. ಅವರು ಮನೆಗಳನ್ನು ಸಂಖ್ಯೆಯಿಂದ ಹೇಳಲಿಲ್ಲ, ಜನರಿಂದ ಹೇಳಿದರು: ಬಾವಿಯ ಪಕ್ಕ ಇಂಥವರದು, ಅದರ ಬೆನ್ನಿಗೆ ಅವರ ತಮ್ಮನದು, ಹಲಸಿನ ಮರದ ಬುಡದಲ್ಲಿ ಗಂಡ ಸತ್ತವಳದು. ಎಣಿಸಿದರೆ ಒಂಬತ್ತು. ಬಿಸಿಲು ಅಲ್ಲಿಗೆ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂದು ಕೇಳಿದೆ. "ಬಿಸಿಲು ಬರೋ ಹೊತ್ತಿಗೆ ನಾವೆಲ್ಲಿ ಅಲ್ಲಿರ್ತಿದ್ವಿ ಸಣ್ಣಯ್ಯ? ನಿಮ್ಮ ತೋಟದಲ್ಲಿರ್ತಿದ್ವಿ" ಎಂದರು. ಅದರಲ್ಲಿ ದೂರು ಇರಲಿಲ್ಲ; ಕೇಳಿದ್ದಕ್ಕೆ ಉತ್ತರ, ಅಷ್ಟೆ.

ಒಂಬತ್ತು ಗುಡಿಸಲು ಕಟ್ಟಿದೆ. ಬೆಳಗಿನ ಹೊಗೆ ಏಳಬೇಕೆನಿಸಿತು. ಕಂಪ್ಯೂಟರಿಗೆ ಬೆಟ್ಟಕ್ಕಿಂತ ಹೊಗೆ ಕಷ್ಟ. ಬೆಳಕು ಅದರೊಳಗೆ ನುಗ್ಗಿ ಚದರಿ ಹೊರಬರುವುದನ್ನೆಲ್ಲ ಅದು ಲೆಕ್ಕ ಹಾಕಬೇಕು. ಚಿತ್ರವೊಂದಕ್ಕೆ ಆರು ನಿಮಿಷದ ಬದಲು ಹದಿನಾಲ್ಕು ನಿಮಿಷವಾಯಿತು. ಫ್ಯಾನು ತಿಂಗಳು ಪೂರ್ತಿ ತಿರುಗಿತು. ಹೆಂಡತಿ ಈ ಸಲ ಏನೂ ಅನ್ನಲಿಲ್ಲ. ಕಂತು ಹೋಯಿತು. ಆ ಅಮ್ಮ ನೋಡಿ ಹೇಳಿಕಳಿಸಿದ್ದು ಇಷ್ಟು: "ಹೊಗೆ ಅಷ್ಟು ಬೆಳ್ಳಗಿರಲಿಲ್ಲ. ಹಸಿ ಸೌದೆ."

ಇಲ್ಲಿ ಫೀಡಿನ ಒಂದು ಗುಣವನ್ನು ಹೇಳಬೇಕು. ಪ್ರತಿ ಕಂತಿಗೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಒಮ್ಮೆ ಇಳಿಸಿಕೊಂಡ ಸಂಖ್ಯೆಯನ್ನು ಮೊಬೈಲು ಮತ್ತೆ ಸಾಮಾನ್ಯವಾಗಿ ಮುಟ್ಟುವುದಿಲ್ಲ. ನಾನು ಇಲ್ಲಿ ಕಡತವನ್ನು ಎಷ್ಟೇ ತಿದ್ದಿದರೂ ಕೇರಿಯಿಲ್ಲದ ಆ ಹಳೆಯ ಕಂತು ನೂರು ಜನರ ಮೊಬೈಲಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಅಚ್ಚಾದ ಪತ್ರಿಕೆಯಂತೆ: ತಪ್ಪನ್ನು ಅಳಿಸಲಾಗದು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬಹುದು. ಮೊದಲು ಇದು ನನಗೆ ಕಿರಿಕಿರಿಯಾಗಿತ್ತು. ಈಗ ಸರಿಯೆನಿಸುತ್ತದೆ. ಪಟ್ಟಿಯಲ್ಲಿ ಹಳೆಯ ಕಂತನ್ನು ಉಳಿಸಿದ್ದೇನೆ. ಅದರ ಕೆಳಗೆ, ಇದರಲ್ಲಿ ಒಂಬತ್ತು ಮನೆಗಳು ಬಿಟ್ಟುಹೋಗಿವೆ, ತಪ್ಪು ನನ್ನದು ಎಂದು ಬರೆದಿದ್ದೇನೆ.

ಆ ಮಗ ಒಂದು ದಿನ ಮತ್ತೆ ಕೇಳಿದರು: "ಸಾರ್, ಇದನ್ನ ಆಫೀಸಿನವರಿಗೆ ತೋರಿಸಬಹುದಾ? ನಾವು ಅಲ್ಲಿದ್ವಿ ಅನ್ನೋದಕ್ಕೆ." ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ಇಲ್ಲ ಎನ್ನಬೇಕಾಯಿತು. ಇದು ಚಿತ್ರ, ಸಾಕ್ಷಿಯಲ್ಲ. ನಾಳೆ ಯಾರಾದರೂ ಇಲ್ಲದ ಮನೆಯನ್ನೂ ಇಷ್ಟೇ ಚೆನ್ನಾಗಿ ಕಟ್ಟಿ ತೋರಿಸಬಲ್ಲರು. ನಾನೇ ಮೊದಲು ಮಾಡುತ್ತಿದ್ದದ್ದು ಇಲ್ಲದ ಬೆಟ್ಟಗಳನ್ನಲ್ಲವೇ? ತಾಯಿಯ ಮಾತನ್ನು ಅವರ ದನಿಯಲ್ಲೇ, ತಾರೀಕು ಹೇಳಿಸಿ ದಾಖಲು ಮಾಡಿಕೊಳ್ಳಿ, ಅದು ಹೆಚ್ಚು ಬೆಲೆಯುಳ್ಳದ್ದು ಎಂದೆ. ಮಾಡಿದ್ದಾರೆ. ಅದರಿಂದ ಏನಾಗುತ್ತದೋ ನಾನು ಹೇಳಲಾರೆ.

ಅಂದಿನಿಂದ ನನ್ನ ಕೆಲಸದ ಕ್ರಮ ಬದಲಾಯಿತು. ಯಂತ್ರದಿಂದ ತಾನಾಗಿಯೇ ಮರ ಬಿತ್ತಿಸುವುದನ್ನು ಬಿಟ್ಟೆ. ನಕ್ಷೆಯಲ್ಲಿರುವುದು, ಇಲ್ಲವೇ ಒಬ್ಬರಾದರೂ ನೆನಪಿನಿಂದ ಹೇಳಿದ್ದು ಮಾತ್ರ ಬಣ್ಣದಲ್ಲಿ ಬರುತ್ತದೆ. ಯಾರು ಹೇಳಿದರೆಂಬುದು ಕಂತಿನ ಕೆಳಗೆ ಬರುತ್ತದೆ. ಯಾರಿಗೂ ಗೊತ್ತಿಲ್ಲದ ಜಾಗವನ್ನು ಬೂದಿ ಬಣ್ಣದ ಬರಿ ಮಣ್ಣಾಗಿ ಬಿಡುತ್ತೇನೆ. ಮೊದಲ ಬಾರಿ ನೋಡಿದವರು "ಅರ್ಧಕ್ಕೆ ನಿಲ್ಲಿಸಿದ್ದೀರಲ್ಲ" ಎಂದರು. ಹೌದು, ಅರ್ಧಕ್ಕೇ ನಿಂತಿದೆ. ತುಂಬಿಸಬಲ್ಲವರು ಕಡಿಮೆಯಾಗುತ್ತಿದ್ದಾರೆ. ಕಳೆದ ವರ್ಷ ಇಬ್ಬರು ಹೋದರು; ಅವರಿಗೆ ಗೊತ್ತಿದ್ದ ಮೂಲೆ ಇನ್ನು ಬೂದಿಯಾಗಿಯೇ ಇರುತ್ತದೆ.

ನಮ್ಮ ನೆರೆಮನೆಯವರು ಪೈಠಣದ ಕಡೆಯವರು, ಈಗಿನ ಛತ್ರಪತಿ ಸಂಭಾಜಿನಗರ ಜಿಲ್ಲೆ. ಒಂದು ಸಂಜೆ ಚಹಾಕ್ಕೆ ಬಂದವರು ಪರದೆಯ ಮೇಲಿನ ಕಣಿವೆಯನ್ನು ನೋಡುತ್ತ ನಿಂತರು. ಇದು ನೀರಿನಡಿಯ ಊರು ಎಂದೆ. ಅವರ ಊರೂ ಹಾಗೆಯೇ. ನಮ್ಮ ನಾಸಿಕದಿಂದ ಕೆಳಗೆ ಹರಿದ ಗೋದಾವರಿಗೆ ಪೈಠಣದಲ್ಲಿ ಕಟ್ಟಿದ ಜಾಯಕವಾಡಿಯ ಹಿನ್ನೀರಿನಲ್ಲಿ ಹೋಯಿತಂತೆ. ೧೯೭೬ರಲ್ಲಿ ಮುಗಿದ ಅಣೆಕಟ್ಟು ಅದು. ಇಪ್ಪತ್ತು ವರ್ಷದಿಂದ ಗೋಡೆಗೆ ಗೋಡೆ ಹಂಚಿಕೊಂಡು ಬಾಳಿದ ನಾವು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಲಿಂಗನಮಕ್ಕಿ ಮುಗಿದ ೧೯೬೪ರಲ್ಲೇ ಇತ್ತ ಕೊಯ್ನಾ ಅಣೆಕಟ್ಟೂ ಮುಗಿಯಿತು. ಮಹಾರಾಷ್ಟ್ರದ ಕಾರ್ಖಾನೆಗಳ ಲೇತುಗಳು ತಿರುಗಿದ್ದು ಅದರ ಕರೆಂಟಿನಿಂದ. ಅದರ ಕೆಳಗೂ ಹಳ್ಳಿಗಳಿವೆ. ನನ್ನ ೩೬ ವರ್ಷದ ಅನ್ನ ಬಂದದ್ದು ಆ ಲೇತುಗಳಿಂದ. ಈಗ ನಮ್ಮೂರನ್ನು ಪರದೆಯ ಮೇಲೆ ಎತ್ತಿ ನಿಲ್ಲಿಸಲು ಹಗಲು ರಾತ್ರಿ ಉರಿಸುತ್ತಿರುವುದೂ ಕರೆಂಟೇ. ಹಾಗಾಗಿ ಅಣೆಕಟ್ಟನ್ನು ಬಯ್ಯಲು ನನಗೆ ಬಾಯಿಲ್ಲ. ಹೋದವರ ಹೆಸರನ್ನು ಬರೆದಿಡಬಹುದಿತ್ತು ಎಂದಷ್ಟೇ ಹೇಳಬಲ್ಲೆ.

೨೦೨೫ರ ಜುಲೈಯಲ್ಲಿ ಶರಾವತಿ ಹಿನ್ನೀರಿಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆಯಾಯಿತು. ಲಾಂಚಿಗೆ ಕಾಯುತ್ತ ದಡದಲ್ಲಿ ನಿಲ್ಲಬೇಕಿದ್ದ ಕಾಲ ಹೋಯಿತು, ಒಳ್ಳೆಯದೇ. ಅಕ್ಕ ಮೊಮ್ಮಗನ ಕಾರಿನಲ್ಲಿ ಅದರ ಮೇಲೆ ಹೋಗಿಬಂದಳು. "ಸೇತುವೆ ಮೇಲಿಂದ ನೋಡಿದೆ, ಬರೀ ನೀರು ಕಾಣ್ತದೆ. ನಿನ್ನ ಚಿತ್ರದಲ್ಲೇ ಚೆನ್ನಾಗಿ ಕಾಣ್ತದೆ" ಎಂದಳು. ಆಮೇಲೆ ತಾನಾಗಿಯೇ, "ಆ ಹಳ್ಳದಾಚೆಯ ಬಾವಿ ಇದೆಯಲ್ಲ, ಅದರ ಕಟ್ಟೆ ಹೇಗಿತ್ತಂತೆ? ಆ ಅಮ್ಮನ್ನ ಕೇಳಿದೆಯಾ?" ಎಂದಳು. ಅರವತ್ತು ವರ್ಷದಲ್ಲಿ ಮೊದಲ ಸಲ ಅವಳು ಹಳ್ಳದಾಚೆಗೆ ಹೋಗಿದ್ದಳು.

ಓದುಗರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ಮುಳುಗಿದ ಊರಿನ, ಅಥವಾ ಬಿಟ್ಟುಬಂದ ಊರಿನ ಹಿರಿಯರಿದ್ದರೆ, ಊರು ಹೇಗಿತ್ತು ಎಂದು ಕೇಳಬೇಡಿ. "ಚೆನ್ನಾಗಿತ್ತು" ಎಂದುಬಿಡುತ್ತಾರೆ. ಸಂಕ್ರಾಂತಿಯಂದು ಬಿಸಿಲು ಎಲ್ಲಿಂದ ಬರುತ್ತಿತ್ತು, ನೀರಿಗೆ ಎಷ್ಟು ಮೆಟ್ಟಿಲು, ಹಳ್ಳದ ಆಚೆ ಯಾರಿದ್ದರು ಎಂದು ಕೇಳಿ, ಬರೆದಿಡಿ. ಕಂಪ್ಯೂಟರ್ ಇರಲೇಬೇಕೆಂದಿಲ್ಲ, ಒಂದು ನೋಟುಪುಸ್ತಕ ಸಾಕು.

ಇದನ್ನು ಬರೆಯುತ್ತಿರುವಾಗ ಪಕ್ಕದಲ್ಲಿ ಯಂತ್ರ ಮುಂದಿನ ಕಂತನ್ನು ಬಿಡಿಸುತ್ತಿದೆ. ೩,೦೦೦ದಲ್ಲಿ ೪೧೨ ಆಗಿದೆ. ಹೊಗೆಯನ್ನು ಈ ಸಲ ಕಪ್ಪು ಮಾಡಿದ್ದೇನೆ.